ಗೂಡಿನಲ್ಲಿದ್ದ ಎರಡು ಮಾತ್ರೆ

ಗುಮ್ಮಳಾಪುರದಲ್ಲಿ ನನ್ನ ಹೆಸರು ಸುಬ್ಬರಾಮ ಎಂದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಸೊಳ್ಳೆ ಸಾಮಿ ಎನ್ನುತ್ತಿದ್ದರು. ನಾನು ಮಲೇರಿಯಾ ಕೆಲಸದವನು. ಹದಿನೈದು ದಿನಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, ಮನೆಮನೆಯ ಬಾಗಿಲಲ್ಲಿ ನಿಂತು, ಯಾರಿಗಾದರೂ ಜ್ವರವೇ ಎಂದು ಕೇಳಬೇಕು. ಇದ್ದರೆ ಎಡಗೈಯ ಉಂಗುರದ ಬೆರಳನ್ನು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಳ್ಳಬೇಕು, ಕ್ಲೋರೋಕ್ವಿನ್ ಮಾತ್ರೆ ಕೊಡಬೇಕು, ಗೋಡೆಯ ಮೇಲೆ ಬಳಿದಿರುವ ಚೌಕದಲ್ಲಿ ತಾರೀಖು ಬರೆದು ಸಹಿ ಹಾಕಿ ಮುಂದಿನ ಮನೆಗೆ ಹೋಗಬೇಕು. ಅದು ಮಲೇರಿಯಾವೋ ಅಲ್ಲವೋ ಎಂಬುದು ಗಾಜು ಕೃಷ್ಣಗಿರಿಗೆ ಹೋಗಿ, ಅಲ್ಲಿ ಯಾರೋ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ತಿಳಿಯುವುದು. ಮಾತ್ರೆ ಮಾತ್ರ ಅದಕ್ಕೆ ಕಾಯುವಂತಿಲ್ಲ. ಯಾವ ಜ್ವರವಾದರೂ ಮೊದಲು ಮಾತ್ರೆ.

ಮಾತ್ರೆಗೆ ಎರಡು ನಿಯಮಗಳಿದ್ದವು. ನಮ್ಮ ಕಣ್ಣೆದುರೇ ನುಂಗಿಸಬೇಕು. ಹಸಿದ ಹೊಟ್ಟೆಗೆ ಕೊಡಬಾರದು. ಈ ಎರಡೂ ಒಂದೇ ಕಾಗದದಲ್ಲಿ, ಒಂದರ ಕೆಳಗೆ ಒಂದು ಅಚ್ಚಾಗಿದ್ದವು. ನಾನು ಹೋಗುತ್ತಿದ್ದ ಹೊತ್ತಿನಲ್ಲಿ ಅರ್ಧ ಊರು ಇನ್ನೂ ಹಿಟ್ಟು ಉಂಡಿರುತ್ತಿರಲಿಲ್ಲ. ಹಾಗಾಗಿ ಒಂದು ನಿಯಮ ಪಾಲಿಸಿದರೆ ಇನ್ನೊಂದು ತಪ್ಪುತ್ತಿತ್ತು. ಬೇರೆಯವರು ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ನಾನು ಪ್ರತಿ ಮನೆಯಲ್ಲೂ ಕೆಡಿಸಿಕೊಳ್ಳುತ್ತಿದ್ದೆ.

ಆ ಊರಿನಲ್ಲಿ ನನ್ನನ್ನು ಕಾದು ಕೂರುತ್ತಿದ್ದ ಒಂದೇ ಜೀವವೆಂದರೆ ನರಸಿಂಹಪ್ಪನ ಮಗಳು ಲಚ್ಚಿ. ಆಗಿನ್ನೂ ಎರಡನೆಯ ಕ್ಲಾಸು. ಮಿಕ್ಕ ಮಕ್ಕಳು ನನ್ನ ಸೈಕಲ್ ಗಂಟೆ ಕೇಳಿದರೆ ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದರು. ಇವಳು ಜಗುಲಿಯ ತುದಿಗೆ ಬಂದು, ಜ್ವರವಿರಲಿ ಇಲ್ಲದಿರಲಿ, ಎಡಗೈಯ ಉಂಗುರದ ಬೆರಳನ್ನು ನೆಟ್ಟಗೆ ಚಾಚಿ ಹಿಡಿಯುತ್ತಿದ್ದಳು.

"ಚುಚ್ಚು ಸಾಮಿ. ನಾನೇನ್ ಅಳಲ್ಲ. ನಮ್ಮಪ್ಪ ಅಳ್ತಾನೆ."

ಚುಚ್ಚುವ ಸೂಜಿಯನ್ನು ಆಟಕ್ಕೆ ಬಳಸುವಂತಿಲ್ಲ. ನಾನು ಸ್ಪಿರಿಟಿನ ಹತ್ತಿಯಿಂದ ಬೆರಳನ್ನು ಒರೆಸಿ, ಆಯಿತು ಹೋಗು ಎನ್ನುತ್ತಿದ್ದೆ. ಅವಳು ಬೆರಳಿನ ತಂಪನ್ನು ಕೆನ್ನೆಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ಅವಳ ಅಪ್ಪ ನರಸಿಂಹಪ್ಪ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಮಾಡುತ್ತಿದ್ದ. ನಾಟಿ ಮುಗಿದ ಮೇಲೆ ಬೆಳಗಿನ ಬಸ್ಸು ಹಿಡಿದು ಹೊಸೂರಿಗೆ ಹೋಗಿ, ಆಗ ಕಟ್ಟುತ್ತಿದ್ದ ವಾಚಿನ ಕಾರ್ಖಾನೆಯಲ್ಲಿ ಬಾಗಿಲು ಚೌಕಟ್ಟು ಕೂರಿಸುವ ಕೆಲಸಕ್ಕೆ ನಿಲ್ಲುತ್ತಿದ್ದ. ಹೆಂಡತಿ ನರಸಮ್ಮನದು ಮಾತು ಕಡಿಮೆ. ಮನೆಯ ಯಜಮಾನಿಕೆಯೆಲ್ಲ ಅವನ ತಾಯಿ ನಾರಾಯಣಮ್ಮನದು.

ಆ ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ಕೋಡಿ ಬಿದ್ದಿತ್ತು. ಗದ್ದೆಗಳಲ್ಲಿ ನೀರು ನಿಂತು ಬೆಳ್ಳಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ನೋಡಲು ಚಂದವಾಗಿತ್ತು. ಕೋಲಾರದ ಕಡೆಯಿಂದ ಮಾತ್ರ ಮಿದುಳು ಜ್ವರದ ಸುದ್ದಿ ಬರುತ್ತಿತ್ತು. ನಮ್ಮನ್ನೆಲ್ಲ ಕೃಷ್ಣಗಿರಿಗೆ ಕರೆಸಿ, ಒಂದು ಶಾಲೆಯ ಕೊಠಡಿಯಲ್ಲಿ ಕೂರಿಸಿ ಪಾಠ ಮಾಡಿಸಿದರು.

ಪಾಠ ಹೇಳಿದವರು ಡಾಕ್ಟರ್ ಬದರೀನಾಥ್, ಹೊಸೂರಿನ ಹಳೆಯ ಮನೆತನದವರು, ಆಗ ಕೃಷ್ಣಗಿರಿಯಲ್ಲಿದ್ದರು. ನಮ್ಮ ಗಡಿಸೀಮೆ ತಮಿಳುನಾಡಿಗೆ ಸೇರಿದ್ದರಿಂದ ತಮಿಳಿನಲ್ಲಿ ಶುರುಮಾಡಿ, ನಡುವೆ ನಮ್ಮ ಮುಖ ನೋಡಿದಾಗಲೆಲ್ಲ ಕನ್ನಡಕ್ಕೆ ಬರುತ್ತಿದ್ದರು. ಗದ್ದೆಯ ಸೊಳ್ಳೆ ಹಕ್ಕಿಯಿಂದಲೋ ಹಂದಿಯಿಂದಲೋ ರೋಗವನ್ನು ಹೊತ್ತು ತಂದು ಮನುಷ್ಯನನ್ನು ಕಚ್ಚುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅವರು ಹೇಳಿದ್ದು ಗೊತ್ತಿರಲಿಲ್ಲ. ಆ ವೈರಸ್ಸಿಗೆ ಕೈಯಿಲ್ಲ, ಕಾಲಿಲ್ಲ, ಉಸಿರಿಲ್ಲ. ತಾನಾಗಿ ಯಾವ ಬಾಗಿಲನ್ನೂ ಒಡೆಯುವ ಶಕ್ತಿ ಅದಕ್ಕಿಲ್ಲ. ಮೈಮೇಲೆ ಕೆಲವು ಮುಳ್ಳುಗಳಿವೆ, ಅಷ್ಟೇ. ನಮ್ಮ ಜೀವಕೋಶದ ಹೊರಮೈಯಲ್ಲಿ ಆಹಾರವನ್ನು ಹಿಡಿದುಕೊಳ್ಳಲೆಂದೇ ಸಣ್ಣ ಸಣ್ಣ ಹಿಡಿಕೆಗಳಿರುತ್ತವೆ. ತೇಲಿ ಬಂದ ವೈರಸ್ಸಿನ ಮುಳ್ಳು ಅಂಥದ್ದೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಯಾವ ಹಿಡಿಕೆ ಎಂದು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮುಂದಿನದನ್ನೆಲ್ಲ ಮಾಡುವುದು ಜೀವಕೋಶವೇ. ಏನೋ ಬೇಕಾದ್ದು ಬಂದಿದೆ ಎಂದುಕೊಂಡು, ತೀರ್ಥಕ್ಕೆ ಅಂಗೈ ಕುಳಿ ಮಾಡಿದ ಹಾಗೆ ತನ್ನ ಚರ್ಮವನ್ನು ಒಳಕ್ಕೆ ಕುಳಿ ಮಾಡುತ್ತದೆ. ಕುಳಿ ಮುಚ್ಚಿ ಒಂದು ಚೀಲವಾಗಿ ಒಳಗೆ ಹೋಗುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ನುಂಗಿದ್ದನ್ನು ಅರಗಿಸಲು ಜೀವಕೋಶ ದಿನಾ ಮಾಡುವ ಕೆಲಸ ಅದು. ವೈರಸ್ಸು ಕಾಯುವುದೂ ಆ ಹುಳಿಗೇ. ಹುಳಿ ತಾಗಿದರೆ ಅದರ ಮುಳ್ಳುಗಳು ತಿರುಗಿ ನಿಂತು ಚೀಲದ ಗೋಡೆಗೆ ನಾಟುತ್ತವೆ. ಅದರ ಗೋಡೆ, ಚೀಲದ ಗೋಡೆ, ಎರಡೂ ಒಂದಾಗಿ ಒಳಗಿದ್ದುದು ಚೆಲ್ಲಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಆ ಜೀವಕೋಶ ತನ್ನ ಕೆಲಸ ಬಿಟ್ಟು ಅದರ ಕೆಲಸ ಮಾಡುತ್ತದೆ.

ನಾನು ಹಗಲು ಅಂಗಡಿಯಲ್ಲಿ ದುಡಿದು ಬೆಂಗಳೂರಿನ ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವನು. ಸಂಜೆ ಕಲಿತದ್ದೆಂದರೆ ಅರ್ಧ ನಿದ್ದೆಯಲ್ಲಿ ಕಲಿತದ್ದು. ನನಗೆ ತಿಳಿದಿದ್ದರಲ್ಲಿ ಯಾವುದು ಮೇಷ್ಟರು ಹೇಳಿದ್ದು, ಯಾವುದು ನಾನೇ ತೂಕಡಿಕೆಯಲ್ಲಿ ಸೇರಿಸಿಕೊಂಡದ್ದು ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಆದ್ದರಿಂದ ಎಲ್ಲೂ ಪ್ರಶ್ನೆ ಕೇಳುವವನಲ್ಲ. ಅಂದು ಹೇಗೋ ಕೇಳಿಬಿಟ್ಟೆ. ಆ ಹುಳಿಯನ್ನು ಕೆಡಿಸಲು ಬರುವುದಿಲ್ಲವೇ ಎಂದು.

ಡಾಕ್ಟರ್ ಬದರೀನಾಥ್ ನಕ್ಕರು. "ಬರತ್ತೆ ಕಣಯ್ಯಾ. ನಿನ್ನ ಚೀಲದಲ್ಲೇ ಇದೆ ಅದು."

ಇದೇ ರೀತಿ ಒಳಹೊಗುವ ಇನ್ನೊಂದು ವೈರಸ್ಸಿನ ಮೇಲೆ ಹೊರದೇಶದಲ್ಲಿ ಪ್ರಯೋಗ ಮಾಡಿದ್ದಾರಂತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಮೊದಲೇ ಕ್ಲೋರೋಕ್ವಿನ್ ಹಾಕಿಟ್ಟರೆ ಚೀಲದ ಹುಳಿ ಇಳಿದುಹೋಗುತ್ತದೆ, ವೈರಸ್ಸು ಬಿಚ್ಚಿಕೊಳ್ಳಲಾಗದೆ ಚೀಲದಲ್ಲೇ ಉಳಿಯುತ್ತದೆ. ಕೊಠಡಿಯಲ್ಲಿ ಸಣ್ಣ ಗದ್ದಲವೆದ್ದಿತು. ನಮ್ಮ ಕಹಿ ಮಾತ್ರೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅವರು ಕೈಯೆತ್ತಿ, ಅದೆಲ್ಲ ತಟ್ಟೆಯ ಮಾತು, ಮನುಷ್ಯರಲ್ಲಿ ಯಾರೂ ಕಂಡಿಲ್ಲ, ಮಿದುಳು ಜ್ವರಕ್ಕೆ ಔಷಧಿಯಿಲ್ಲ ಎಂದೇ ಊರಲ್ಲಿ ಹೇಳಿ ಎಂದರು. ನಾನು ಅದನ್ನೂ ಕೇಳಿಸಿಕೊಂಡೆ. ಆದರೂ ರಾಯಕೋಟೆಯ ದಾರಿಯ ಬಸ್ಸಿನಲ್ಲಿ ವಾಪಸು ಬರುವಾಗ ಚೀಲವನ್ನು ಕಾಲ ಬಳಿ ಇಡದೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ಅದಾದ ಸ್ವಲ್ಪ ದಿನಕ್ಕೆ, ಒಂದು ಮಂಗಳವಾರ, ಗುಮ್ಮಳಾಪುರದ ಸುತ್ತು ಬಂತು. ನರಸಿಂಹಪ್ಪನ ಜಗುಲಿಯಲ್ಲಿ ಲಚ್ಚಿ ಇರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು.

ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಮೈ ಸುಡುತ್ತಿತ್ತು, ತಲೆನೋವು ಎನ್ನುತ್ತಿದ್ದಳು. ಕತ್ತಿನ ಹತ್ತಿರ ನಾಲ್ಕಾರು ಕೆಂಪು ಗುಳ್ಳೆ. ನನ್ನ ಕಣ್ಣಿಗೆ ಅವು ಸೊಳ್ಳೆ ಕಚ್ಚಿದ ದದ್ದುಗಳು. ನಾರಾಯಣಮ್ಮನ ಕಣ್ಣಿಗೆ ಅಮ್ಮ. ಅಮ್ಮ ಮೈಮೇಲೆ ಬಂದಿರುವಾಗ ಆ ಕಡೆ ಔಷಧಿ ಮುಟ್ಟಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನನ್ನನ್ನು ಬಿಟ್ಟದ್ದೇ ದೊಡ್ಡದು. ನಾನು ಗಾಜು ತೆಗೆಯುತ್ತಿದ್ದ ಹಾಗೆ ಲಚ್ಚಿ ಕಣ್ಣು ಮುಚ್ಚಿಕೊಂಡೇ ಬೆರಳು ಚಾಚಿದಳು. ಚುಚ್ಚಿದೆ. ಅಳಲಿಲ್ಲ.

ಅವಳ ವಯಸ್ಸಿಗೆ ಎರಡು ಮಾತ್ರೆ. ಏನಾದರೂ ತಿಂದಿದ್ದಾಳೆಯೇ ಎಂದು ಕೇಳಿದೆ. ಹಿಂದಿನ ದಿನದಿಂದ ಏನೂ ಇಲ್ಲವೆಂದು ನರಸಮ್ಮ ಹೇಳಿದಳು. ಗಂಜಿ ಕುಡಿಸಿ, ನಾನು ಕಾಯುತ್ತೇನೆ ಎಂದೆ. ಗಂಜಿ ಇಳಿಯಲಿಲ್ಲ. ನಾರಾಯಣಮ್ಮ ಮಾತ್ರೆಗಳನ್ನು ತನ್ನ ಅಂಗೈಗೆ ಹಾಕಿಸಿಕೊಂಡಳು. ಅಮ್ಮನ ಗೂಡಿನ ಮುಂದಿಟ್ಟು, ದೀಪ ಹಚ್ಚಿ, ಅಪ್ಪಣೆ ಕೇಳಿ, ಮಗು ಒಂದು ತುತ್ತು ತಿಂದ ಮೇಲೆ ತಾನೇ ನುಂಗಿಸುತ್ತೇನೆ ಎಂದಳು. ಹಸಿದ ಹೊಟ್ಟೆಗೆ ಕೊಟ್ಟರೆ ಮಗು ವಾಂತಿ ಮಾಡಿಕೊಳ್ಳುತ್ತದೆ ಎಂಬುದು ನನ್ನ ಕಾಗದದಲ್ಲೂ ಇತ್ತು. ಕಣ್ಣೆದುರು ನುಂಗಿಸು ಎಂಬುದೂ ಇತ್ತು. ಬಾಗಿಲಲ್ಲಿ ನಿಂತು ಎರಡನ್ನೂ ಯೋಚಿಸಿದೆ. ಮರೆಯದೆ ಕೊಡಿ ಎಂದು ನರಸಮ್ಮನಿಗೆ ಮೂರು ಸಲ ಹೇಳಿ, ಗೋಡೆಯ ಚೌಕದಲ್ಲಿ ಸಹಿ ಹಾಕಿ ಹೊರಟೆ.

ಮನಸ್ಸು ನಿಲ್ಲದೆ ಮರುದಿನವೇ ಮತ್ತೆ ಹೋದೆ. ಸುತ್ತಿನಲ್ಲಿ ಇಲ್ಲದ ಊರಿಗೆ ಹೋಗಿದ್ದಕ್ಕೆ ಮೇಲಿನವರು ಏನೆನ್ನುತ್ತಾರೋ ಎಂಬ ಭಯವೂ ಇತ್ತು. ಲಚ್ಚಿಯ ಕತ್ತು ಹಿಂದಕ್ಕೆ ಬಿಗಿದಿತ್ತು. ಕರೆದರೆ ನೋಡುತ್ತಿರಲಿಲ್ಲ. ನಾನು ಅಲ್ಲಿರುವಾಗಲೇ ಕೈಕಾಲು ಸೆಟೆದು ಫಿಟ್ಸ್ ಬಂತು. ನಾರಾಯಣಮ್ಮ ಬೇವಿನ ಸೊಪ್ಪಿನಿಂದ ಬೀಸುತ್ತ ಅಮ್ಮನನ್ನು ಕರೆಯುತ್ತಿದ್ದಳು. ಸೊಳ್ಳೆಗೆ ಔಷಧಿ ಹೊಡೆಯುವವರ ಜೀಪು ಹತ್ತಿರದ ತಳಿ ಊರಿನಲ್ಲಿತ್ತು. ಸೈಕಲ್ಲಿನಲ್ಲಿ ಹೋಗಿ ಅದನ್ನು ಕರೆತಂದೆ. ಕೆಲಮಂಗಲ ದಾಟಿ, ರಾಯಕೋಟೆ ದಾಟಿ ಕೃಷ್ಣಗಿರಿಯ ಆಸ್ಪತ್ರೆ ಸೇರುವವರೆಗೆ ನರಸಿಂಹಪ್ಪ ಮಗಳ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಇದ್ದ. ಜೀಪಿನಲ್ಲಿ ಡಿಡಿಟಿಯ ನಾತ ತುಂಬಿತ್ತು.

ಬೆನ್ನುಮೂಳೆಯ ನೀರು ತೆಗೆದು ನೋಡಿದರು. ರಕ್ತದ ಗಾಜಿನಲ್ಲಿ ಮಲೇರಿಯಾ ಇರಲಿಲ್ಲ. ಡಾಕ್ಟರ್ ಬದರೀನಾಥ್ ಹೊರಗೆ ಬಂದು, ಮಿದುಳು ಜ್ವರ, ನೋಡೋಣ ಎಂದಷ್ಟೇ ಹೇಳಿದರು. ನರಸಿಂಹಪ್ಪ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ಇದು ಮಗೂನ ತಲೆಯೊಳಕ್ಕೆ ಹೆಂಗೆ ಹೋಯ್ತು, ನಿಮಗೆ ಗೊತ್ತಾ ಎಂದು ನನ್ನನ್ನು ಕೇಳಿದ.

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಗೊತ್ತಿದೆ ಎಂದು ಹೇಳಿಕೊಳ್ಳುವ ಆಸೆ ಇತ್ತೋ, ಸುಮ್ಮನೆ ಕೂರಲಾಗದೆ ಹೇಳಿದೆನೋ, ಈಗ ಹೇಳಲಾರೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಮುಳ್ಳು, ಹಿಡಿಕೆ, ಅಂಗೈಯಂತೆ ಕುಳಿಯಾಗುವುದು, ಚೀಲ, ಹುಳಿ. ಅವನು ತನ್ನ ಬಾಗಿಲು ಕೆಲಸಕ್ಕೆ ಕೊಡುವ ಗಮನದಿಂದಲೇ ಕೇಳಿದ.

"ಬಾಗ್ಲು ಒಡೆಯಲ್ಲ ಅಂತೀರಿ."

"ಇಲ್ಲ."

"ಅಗುಳಿ ತೆಗ್ಯೋದು ಮನೇವ್ರೇ."

ಹೌದೆಂದೆ.

"ಚೌಕಟ್ಟು ಸರಿಯಿಲ್ದಿದ್ರೆ ಬಿಚ್ಚಿ ಬೇರೆ ಕೂರಿಸ್ತೀವಿ ಸಾಮಿ ನಾವು. ಆ ಹಿಡಿಕೆನ ಬದಲಾಯ್ಸಕ್ಕೆ ಬರಲ್ವಾ?"

ಅದು ಯಾವ ಹಿಡಿಕೆ ಎಂಬುದೇ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ ಎಂದೆ. ಅವನು ತನ್ನ ಅಂಗೈಯನ್ನು ಕುಳಿ ಮಾಡಿ ನೋಡಿಕೊಂಡ. ಆಮೇಲೆ, ಅನ್ನಕ್ಕೆ ಅಂತ ತೆರೆದ ಬಾಯಿ, ಅದನ್ನ ಬಯ್ಯೋದು ಹೆಂಗೆ ಎಂದು ಯಾರಿಗೋ ಹೇಳುವಂತೆ ಹೇಳಿ ಎದ್ದು ಹೋದ.

ನನ್ನ ಚೀಲ ಹೆಗಲ ಮೇಲೇ ಇತ್ತು. ಅದರೊಳಗೆ ಒಂದು ಡಬ್ಬಿ ತುಂಬ ಮಾತ್ರೆ. ಮಧ್ಯಾಹ್ನ, ಜೊತೆಗೆ ಬಂದಿದ್ದ ನರಸಮ್ಮ ನೀರು ತರಲು ಹೋದಾಗ ನಾನೊಬ್ಬನೇ ಲಚ್ಚಿಯ ಮಂಚದ ಬಳಿ ಇದ್ದೆ. ಮೂಗಿಗೆ ನಳಿಕೆ ಹಾಕಿದ್ದರು. ಮಾತ್ರೆ ಪುಡಿ ಮಾಡಿ ನೀರಲ್ಲಿ ಕದಡಿ ನಳಿಕೆಯಲ್ಲಿ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ವೈರಸ್ಸು ಇನ್ನೂ ಹೊಕ್ಕಿರದ ಜೀವಕೋಶಗಳು ಎಷ್ಟೋ ಇದ್ದಾವಲ್ಲ, ಅಲ್ಲಿಯಾದರೂ ಹುಳಿ ಇಳಿಯಲಿ ಎಂದು ಒಂದು ಮನಸ್ಸು. ನೀನು ಯಾರು, ನಿನಗೆ ಗೊತ್ತಿರುವುದೆಷ್ಟು ಎಂದು ಇನ್ನೊಂದು. ಡಬ್ಬಿಯ ಮುಚ್ಚಳ ಬಿಚ್ಚಿ, ಮತ್ತೆ ಹಾಕಿ, ಡಾಕ್ಟರ ಕೊಠಡಿಗೆ ಹೋದೆ.

ಅವರು ಬಯ್ಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಜ್ವರ ಕಾಣುವ ಹೊತ್ತಿಗೇ ಅದು ಒಳಹೊಕ್ಕು ಸಾವಿರಪಟ್ಟು ಆಗಿರುತ್ತದೆ, ಫಿಟ್ಸ್ ಬರುವ ಹೊತ್ತಿಗೆ ಮಿದುಳಿನಲ್ಲಿ ಆಗಬೇಕಾದ ಕೇಡು ಆಗುತ್ತಿರುತ್ತದೆ ಎಂದರು. ಹುಳಿ ಇಳಿಸಲು ತಟ್ಟೆಯಲ್ಲಿ ಹಾಕಿದಷ್ಟು ಮದ್ದನ್ನು ಮಗುವಿಗೆ ಹಾಕಿದರೆ ಉಳಿಯುವುದಿಲ್ಲ.

"ಗಾಜಿನ ತಟ್ಟೆಗೆ ಹೃದಯ ಇಲ್ಲ ಕಣಯ್ಯಾ. ಅದಕ್ಕೆ ಎಷ್ಟು ಬೇಕಾದರೂ ಹಾಕಬಹುದು."

"ಮೊದಲನೇ ದಿನ ಎರಡು ಮಾತ್ರೆ ಕೊಟ್ಟಿದ್ದೆ ಸಾರ್. ಅದರಿಂದ ಏನೂ..."

"ಏನೂ ಇಲ್ಲ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ನನಗೆ ತಿಳಿದಮಟ್ಟಿಗೆ."

ನನಗೆ ತಿಳಿದಮಟ್ಟಿಗೆ ಎಂದು ಅವರು ಯಾಕೆ ಸೇರಿಸಿದರೋ. ಅವರಂಥವರು ಹಾಗೆ ಸೇರಿಸುವುದು ಅಭ್ಯಾಸ. ನಾನು ಮಾತ್ರ ಆ ಎರಡು ಪದಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.

ಲಚ್ಚಿ ಉಳಿದಳು. ಆಸ್ಪತ್ರೆಯವರು ಅದೇ ಹೆಚ್ಚು ಎಂದರು. ಬಲಗೈ, ಬಲಗಾಲು ಏಳುತ್ತಿರಲಿಲ್ಲ. ಮಾತು ಹೋಗಿತ್ತು. ಕಣ್ಣು ತೆರೆದಿರುತ್ತಿದ್ದಳು, ಅಪ್ಪನ ಕಡೆಗೂ ಗೋಡೆಯ ಕಡೆಗೂ ಒಂದೇ ನೋಟ.

ಮುಂದಿನ ಸುತ್ತಿಗೆ ಗುಮ್ಮಳಾಪುರ ಬಂದಾಗ ಆ ಮನೆಯನ್ನು ಕೊನೆಗೆ ಇಟ್ಟುಕೊಂಡೆ. ಊರಲ್ಲಿ ಜನ ಆ ಜಗುಲಿಯಿಂದ ದೂರ ನಡೆಯುತ್ತಿದ್ದರು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಬಂದೆ. ಸರಿ ಸಾಮಿ ಎಂದು ತಲೆಯಾಡಿಸಿ, ನಾನು ಆ ಮನೆಯ ಮೆಟ್ಟಿಲು ಹತ್ತುವುದನ್ನು ನಿಂತು ನೋಡಿದರು.

ನರಸಿಂಹಪ್ಪ ಕೆಲಸಕ್ಕೆ ಹೋಗಿದ್ದ. ನರಸಮ್ಮ ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ಬೆರಳಿನಿಂದ ಸ್ವಲ್ಪಸ್ವಲ್ಪವೇ ಗಂಜಿ ನೆಕ್ಕಿಸುತ್ತಿದ್ದಳು. ನಾರಾಯಣಮ್ಮ ಒಲೆಯ ಮೂಲೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು, ನನ್ನ ಮೊಣಕೈ ಹಿಡಿದು, ಅಮ್ಮನ ಗೂಡಿನ ಹತ್ತಿರ ಕರೆದುಕೊಂಡು ಹೋದಳು. ಗೋಡೆಯಲ್ಲಿ ಕೊರೆದ ಸಣ್ಣ ಗೂಡು. ಅರಿಸಿನ ಬಳಿದ ಕಲ್ಲು, ಆರಿದ ಹಣತೆ. ಹಣತೆಯ ಪಕ್ಕದಲ್ಲಿ ವೀಳ್ಯದೆಲೆ ಒಣಗಿ ಸುರುಟಿತ್ತು. ಅದರ ಮೇಲೆ ಎರಡು ಬಿಳಿ ಮಾತ್ರೆ, ಒಂದೊಂದಕ್ಕೂ ಒಂದೊಂದು ಬೊಟ್ಟು ಕುಂಕುಮ.

"ಎರಡೂ ಇಲ್ಲೇ ಅವೆ, ನೋಡು ಮಗಾ. ನಾನೇನೂ ಎಸ್ದಿಲ್ಲ. ಅಮ್ಮ ಬಲಗಡೆ ಹೂ ಕೊಡ್ಲಿ, ಆಮ್ಯಾಕೆ ನುಂಗ್ಸಾನ ಅಂತ ಮಡ್ಗಿದ್ದೆ. ಹೂ ಬೀಳ್ಲಿಲ್ಲ."

ನಾನು ಬಗ್ಗಿ ಎರಡನ್ನೂ ನೋಡಿದೆ.

"ಸೊಸೆ ಒಂದ್ ಮಾತೂ ಅಂದಿಲ್ಲ ನಂಗೆ. ಬೈದಿದ್ರೆ ಹಿಟ್ಟಾದ್ರೂ ಇಳೀತಿತ್ತು ಗಂಟ್ಲಲ್ಲಿ." ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ. "ನೀನು ಓದಿರೋನು. ನಿಜ ಹೇಳು. ಅವತ್ತೇ ನುಂಗ್ಸಿದ್ರೆ ನನ್ ಮೊಗ ಹಿಂಗಾಗ್ತಿರ್ಲಿಲ್ಲ, ಅಲ್ವಾ?"

ನರಸಮ್ಮನ ಬೆರಳು ಗಂಜಿಯ ಬಟ್ಟಲಿನಲ್ಲಿ ನಿಂತಿತು. ಅವಳೂ ಕೇಳುತ್ತಿದ್ದಳು.

ಡಾಕ್ಟರು ಹೇಳಿದ್ದು ನೆನಪಿತ್ತು. ಜ್ವರ ಕಂಡ ದಿನಕ್ಕಾಗಲೇ ತಡ. ಎರಡು ಮಾತ್ರೆಯಿಂದ ಏನೂ ಇಲ್ಲ. ಅದು ಬೇರೆ ರೋಗದ ಮದ್ದು. ಎಲ್ಲವೂ ಒಂದೇ ಉತ್ತರ ಹೇಳುತ್ತಿದ್ದವು. ಜೊತೆಗೆ ಆ ಗಾಜಿನ ತಟ್ಟೆಯೂ ಕಣ್ಣ ಮುಂದೆ ಇತ್ತು. ಹುಳಿ ಇಳಿದು, ಬಿಚ್ಚಲಾಗದೆ ಚೀಲದೊಳಗೇ ಉಳಿದ ಆ ಮುಳ್ಳಿನ ಉಂಡೆ. ನನಗೆ ತಿಳಿದಮಟ್ಟಿಗೆ ಎಂದು ಹೇಳಲು ಬಾಯಿಗೆ ಬಂತು. ಈ ಮುದುಕಿಗೆ ಆ ಎರಡು ಪದ ಕೊಟ್ಟರೆ ಸಾಯುವವರೆಗೂ ಅದನ್ನೇ ಜಗಿಯುತ್ತಾಳೆ.

"ಇಲ್ಲ ಅಜ್ಜಿ," ಎಂದೆ. "ಕೊಟ್ಟಿದ್ದರೂ ಹೀಗೇ ಆಗುತ್ತಿತ್ತು. ಈ ಜ್ವರಕ್ಕೂ ಈ ಮಾತ್ರೆಗೂ ಸಂಬಂಧವಿಲ್ಲ. ನಿಮ್ಮಿಂದ ಏನೂ ಆಗಿಲ್ಲ."

ಅವಳು ನನ್ನ ಮುಖವನ್ನು ನೋಡಿದಳು. ನಂಬಿದಳೇ ಎಂದು ನಾನೂ ನೋಡಿದೆ.

"ಹಂಗಾದ್ರೆ ಯಾಕಪ್ಪಾ ಕೊಡ್ತೀಯ ಅದನ್ನ?"

ಮಲೇರಿಯಾಕ್ಕೆ ಎಂದೆ. ಇದು ಮಲೇರಿಯಾ ಅಲ್ಲ ಅಂತ ಅವತ್ತೇ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿರಲಿಲ್ಲ ಎಂದೆ. ಇನ್ನೊಂದು ಮಗೀಗೆ ಹಿಂಗೇ ಬಂದ್ರೆ ಗೊತ್ತಾಗತ್ತಾ ಎಂದಳು. ಆಗಲೂ ಗೊತ್ತಾಗುವುದಿಲ್ಲ ಎಂದೆ. ಗೊತ್ತಾದ್ರೆ ಮದ್ದೈತಾ ಎಂದಳು. ಇಲ್ಲ ಎಂದೆ.

"ನಾನೂ ಕೇಳ್ದೆ, ಅಮ್ಮ ಹೂ ಕೊಡ್ಲಿಲ್ಲ. ನಿನ್ ಡಾಕ್ಟ್ರುಗೂ ಕೊಟ್ಟಿಲ್ಲ ಅನ್ನು," ಎಂದು ನಾರಾಯಣಮ್ಮ ವೀಳ್ಯದೆಲೆಯನ್ನು ಗೂಡಿನ ಒಳಕ್ಕೆ ಸ್ವಲ್ಪ ಸರಿಸಿದಳು. ಬಳಸದ ಮಾತ್ರೆಯನ್ನು ವಾಪಸು ತೆಗೆದುಕೊಳ್ಳಬೇಕು ಎಂಬುದು ನಮ್ಮ ಇನ್ನೊಂದು ನಿಯಮ. ಕುಂಕುಮ ಬಿದ್ದ ಮಾತ್ರೆಯನ್ನು ಯಾವ ಡಬ್ಬಿಗೆ ಹಾಕಲಿ? ಅಲ್ಲೇ ಬಿಟ್ಟೆ. ಅವಳು ಒಲೆಯ ಮೂಲೆಗೆ ಹೋಗಿ ಮೊದಲಿನಂತೆ ಕೂತಳು. ನಾನು ಹೇಳಿದ ‘ಇಲ್ಲ’ ಅವಳಿಗೆ ಎಷ್ಟು ಸಾಲುತ್ತದೋ ತಿಳಿಯಲಿಲ್ಲ. ನರಸಮ್ಮ ಮಾತ್ರ ಒಂದು ಬಟ್ಟಲಿಗೆ ಗಂಜಿ ಬಗ್ಗಿಸಿ ಅತ್ತೆಯ ಮುಂದೆ ಇಟ್ಟು ಬಂದಳು.

ಗೋಡೆಗೆ ಸಹಿ ಹಾಕಬೇಕಿತ್ತು. ಚೀಲ ತೆರೆದು ಪೆನ್ಸಿಲ್ ಹುಡುಕುವಾಗ ಗಾಜಿನ ಪಟ್ಟಿಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಲಚ್ಚಿಯ ಎಡಗೈ ಮಡಿಲಿನಿಂದ ಮೇಲೆದ್ದಿತು. ನಿಧಾನಕ್ಕೆ, ನಡುಗುತ್ತ, ಎಲ್ಲ ಬೆರಳುಗಳೂ ಅರ್ಧ ಮಡಚಿಕೊಂಡು, ಉಂಗುರದ ಬೆರಳೊಂದೇ ಮುಂದೆ. ಕಣ್ಣು ನನ್ನ ಕಡೆಗಿರಲಿಲ್ಲ, ಗೋಡೆಯ ಕಡೆಗಿತ್ತು.

ನರಸಮ್ಮ ನನ್ನ ಕಡೆ ತಿರುಗಿದಳು. "ಗುರ್ತು ಸಿಕ್ತಾ ಸಾಮಿ?"

ಸದ್ದಿಗೆ ಕೈ ತಾನಾಗಿ ಎದ್ದಿದ್ದಿರಬಹುದು. ಗುರುತೇ ಇರಬಹುದು. ಅದನ್ನು ಹೇಳುವ ಪಾಠ ನನಗೆ ಯಾರೂ ಮಾಡಿರಲಿಲ್ಲ.

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಆ ಬೆರಳನ್ನು ಒರೆಸಿದೆ. ಆಯಿತು ಎಂದೆ. ಅವಳು ಬೆರಳನ್ನು ಕೆನ್ನೆಗೆ ಒಯ್ಯಲಿಲ್ಲ, ಕೆಳಗೂ ಇಳಿಸಲಿಲ್ಲ. ಸ್ಪಿರಿಟು ಆರಿತು. ಬೆರಳು ಹಾಗೇ ಚಾಚಿಕೊಂಡಿತ್ತು. ನಾನು ಮತ್ತೆ ಒರೆಸಿದೆ.